ಮೇಲೆ ಶ್ರೀ ಇಲ್ಲದ ಕಾಗದ

೨೦೦೧ರ ಮಾರ್ಚಿನಲ್ಲಿ ನನ್ನ ತಂಗಿ ಶಾಂಭವಿಯ ಮದುವೆ ಒಂದು ಸುದ್ದಿಗಾಗಿ ಕಾದಿತ್ತು. ವರ ಉಳವಪ್ಪ ಪುಣೆಯ ನೂಲಿನ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅವನ ತಂದೆ, ಅಣ್ಣಿಗೇರಿಯ ಹತ್ತಿ ವ್ಯಾಪಾರಿ ಮಡಿವಾಳಪ್ಪನವರು, ಎದೆನೋವಿನಿಂದ ಪುಣೆಯಲ್ಲಿಯೇ ಆಸ್ಪತ್ರೆ ಸೇರಿದ್ದರು. ಅವರು ಗುಣವಾದ ಮೇಲೆಯೇ ತಾರೀಖು ಗೊತ್ತಾಗಬೇಕಿತ್ತು.

ಸುದ್ದಿ ಕಮರಿಪೇಟೆಯಲ್ಲಿದ್ದ ಹುಸೇನಬಾಷಾನ ಸೈಬರ್ ಕೆಫೆಗೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಇಮೇಲ್, ಎರಡೇ ಸಾಲು: ಅಪ್ಪ ಆರಾಮ, ಮೇ ಹನ್ನೆರಡು ಫಿಕ್ಸ್. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು; ಕಂಡದ್ದಕ್ಕೆ ಏನನ್ನೂ ಸೇರಿಸದಿರುವುದು ನನ್ನ ಅಭ್ಯಾಸ. ಅಜ್ಜಿ ಓದಲೆಂದು ಎರಡೂ ಸಾಲನ್ನು ಇದ್ದ ಹಾಗೆಯೇ ಒಂದು ಕಾಗದದಲ್ಲಿ ಕನ್ನಡ ಲಿಪಿಗೆ ಇಳಿಸಿದೆ. ನಮ್ಮ ಮನೆಯಿರುವ ಬೈರಿದೇವರಕೊಪ್ಪದ ಕಡೆ ಹೊರಟಿದ್ದ ಪರಿಚಯದ ಆಟೋದವನಿಗೆ ಕೊಟ್ಟು, ಉಳವಪ್ಪನ ಕಡೆಯಿಂದ ಬಂದದ್ದೆಂದು ಮನೆಯಲ್ಲಿ ಹೇಳು ಎಂದು ಕಾಲೇಜಿಗೆ ಹೋದೆ.

ಸಂಜೆ ಬಂದಾಗ, ಮದುವೆಯ ಶಾವಿಗೆ ಹೊಸೆಯಲು ಕೂಡಿದ್ದ ಓಣಿಯ ಹೆಂಗಸರು ಯಾರೂ ಇರಲಿಲ್ಲ. ಮಣೆ ಗೋಡೆಗೆ ಒರಗಿತ್ತು. ನನ್ನ ಕಾಗದ ಹೊಸ್ತಿಲ ಹೊರಗೆ ಒಂದು ಕಲ್ಲಿನಡಿ ಇತ್ತು. ಒಳಗೆ ಅಜ್ಜಿ ಕಾಳವ್ವ ಶಾಂಭವಿಯ ತಲೆ ಸವರುತ್ತ ಕುಳಿತಿದ್ದಳು.

"ಮಡಿವಾಳಪ್ಪ ಹ್ವಾದ್ನಪಾ," ಎಂದಳು.

ನಮ್ಮಲ್ಲಿ ಸಾವಿನ ಪತ್ರಕ್ಕೆ ಮಾತ್ರ ಮೇಲೆ ಶ್ರೀ ಬರೆಯುವುದಿಲ್ಲ. ಅಂಥ ಕಾಗದವನ್ನು ಅಜ್ಜಿ ಮುಂದಕ್ಕೆ ಓದುವವಳಲ್ಲ, ಒಳಗೆ ತರುವವಳೂ ಅಲ್ಲ. ನಾನು ಹೊರಗೇ ನಿಂತು ಎರಡೂ ಸಾಲು ಗಟ್ಟಿಯಾಗಿ ಓದಿದೆ. ಶಾಂಭವಿ ಎದ್ದು ಬಂದು ತಾನೂ ಓದಿದಳು, ಎರಡು ಸಲ. ಆಮೇಲೆ ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಹಂಗಾರ ಶ್ರೀ ಯಾಕ ಹಾಕಿಲ್ಲ?" ಅಜ್ಜಿ ಕೇಳಿದಳು.

ಕಂಪ್ಯೂಟರಿನಲ್ಲಿ ಯಾರೂ ಹಾಕುವುದಿಲ್ಲ ಎಂದೆ.

"ಅದರಾಗ ಸಾವಿನ ಸುದ್ದಿ ಬರೂದಿಲ್ಲೇನು? ಬಂದ್ರ ಗುರ್ತ ಹೆಂಗ ಹಿಡೀತೀರಿ?"

ಪೂರ್ತಿ ಓದಬೇಕು ಎಂದೆ.

"ಓದೂತನಕಾ ಜೀವ ಕೈಯಾಗ ಹಿಡಕೊಂಡು ಕುಂದರಬೇಕು, ಅಷ್ಟ ಹೌದಲ್ಲೋ?"

ಪೆನ್ನು ತೆಗೆದು ನಾನೇ ಶ್ರೀ ಬರೆಯಲು ಹೋದೆ. ತಡೆದಳು. "ನೀ ಬರದ್ರ ಅದು ನಿಂದಾತು. ಆ ಮನಿಯವ್ರು ಬರೀಲಿ. ಅಲ್ಲೀಮಟಾ ಶಾವಿಗಿ ಇಲ್ಲ."

ಮರುದಿನ ಬೆಳಿಗ್ಗೆ ಶಾಂಭವಿ ನನ್ನ ಚಪ್ಪಲಿಗಳನ್ನು ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದಳು. ನಾನು ಕೆಫೆಗೆ ಹೋಗಿ ಉಳವಪ್ಪನಿಗೆ ನಡೆದದ್ದನ್ನೆಲ್ಲ ಬರೆದೆ.

ಮೂರನೆಯ ದಿನ ಉತ್ತರ ಬಂತು. ಮೇಲೆ ನಡುಮಧ್ಯೆ ದಪ್ಪಗೆ ಶ್ರೀ, ಅದೂ ಇಂಗ್ಲಿಷ್ ಅಕ್ಷರದಲ್ಲಿಯೇ. ಕೆಳಗೆ ಮಡಿವಾಳಪ್ಪನವರಿಂದ ಹಿಡಿದು ಅಣ್ಣಿಗೇರಿಯ ಮನೆಯ ಎಮ್ಮೆಯ ತನಕ ಎಲ್ಲರ ಕ್ಷೇಮ, ಕೊನೆಗೆ ತಾರೀಖು. ಹುಸೇನಬಾಷಾ ಬಿಳಿಯ ಹಾಳೆ ಹುಡುಕಿ ಪ್ರಿಂಟ್ ತೆಗೆದುಕೊಟ್ಟ.

ಯಾವುದು ಶ್ರೀ ಎಂದು ಅಜ್ಜಿ ಕೇಳಿದಳು. ಬೆರಳಿಟ್ಟು ತೋರಿಸಿದೆ. ಹೊಸ ಬೀಗರ ಮುಖ ನೋಡುವಂತೆ ಅದನ್ನು ಬಹಳ ಹೊತ್ತು ನೋಡಿದಳು. ಹಾಳೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು. ಓದಲು ಬಾರದ ಆ ಅಕ್ಷರಗಳಿಗೂ ಒಂದು ಬೊಟ್ಟು ಇಟ್ಟಳು.

ಅಷ್ಟರಲ್ಲಿ ಶಾಂಭವಿ ಗೋಡೆಗೆ ಒರಗಿಸಿದ್ದ ಮಣೆಯನ್ನು ಕೆಳಗಿಳಿಸಿ, ಹೊಸ ಹಿಟ್ಟು ನಾದಲು ಕುಳಿತಿದ್ದಳು.