ಸಾಲಿನ ಹನ್ನೆರಡನೆಯ ಚಿತ್ರ

"ಇದು ರಾತ್ರೀನಾ? ಆಸ್ಪತ್ರೆ ವಾರ್ಡ್ ಇದ್ದ ಹಾಗಿದೆಯಲ್ಲೇ!" ಎಂದರು ಅತ್ತೆ, ಸೊಸೆಯ ಕ್ಯಾಮೆರಾದ ಪರದೆಗೆ ಭೂತಗನ್ನಡಿ ಹಿಡಿದು.

ಇಬ್ಬರೂ ತಮ್ಮ ಸ್ಟುಡಿಯೋದ ಮೆಟ್ಟಿಲ ಮೇಲಿದ್ದರು. ಎದುರಿಗೆ ದರ್ಜಿಯ ಅಂಗಡಿ. ಮೂವತ್ತು ವರ್ಷದ ಹಿಂದೆ ಅತ್ತೆ ಈ ಬೀದಿಯನ್ನು ತಿಂಗಳಿಗೊಂದು ರಾತ್ರಿಯಂತೆ ಹನ್ನೆರಡು ಸಲ ಫಿಲ್ಮಿನಲ್ಲಿ ಹಿಡಿದಿದ್ದರು. ನಾಳೆ ಬೆಳಿಗ್ಗೆ ಅವು ಗ್ರಂಥಾಲಯದ ಗೋಡೆ ಏರಬೇಕು. ಡಿಸೆಂಬರಿನ ಚಿತ್ರಕ್ಕೂ ಅದರ ನೆಗೆಟಿವ್‌ಗೂ ಬೂಷ್ಟು ಹಿಡಿದುಹೋಗಿತ್ತು. ಅತ್ತೆಯ ಕೈ ಈಗ ನಡುಗುತ್ತದೆ. ಆ ಖಾಲಿ ಜಾಗ ತುಂಬುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು.

"ಕೆಳಗೆ ನಿನ್ನ ಹೆಸರೇ ಬರೀತೀನಿ. ಚಿತ್ರ ಸಾಲಲ್ಲಿ ನೆಂಟರ ಥರ ನಿಂತ್ಕೋಬಾರದು, ಅಷ್ಟೆ."

"ಹೊಂದೋ ಹಾಗೆ ಮಾಡ್ತೀನಿ, ಸುಮ್ನಿರಿ ಅತ್ತೆ." ಸೊಸೆ ಬಣ್ಣದ ಗಾಢತೆ ಏರಿಸಿ ಇನ್ನೊಂದು ತೆಗೆದಳು.

"ಈಗ ಪೆಪ್ಪರಮೆಂಟಿನ ಬಣ್ಣ. ಅಲ್ಲ, ಇದ್ರಲ್ಲಿ ಬೆಳಕಿನ ಬಣ್ಣ ಯಾರು ನೋಡ್ಕೊಳ್ಳೋದು?"

"ಕ್ಯಾಮೆರಾನೇ. ಯಾವ ದೀಪ ಇದ್ರೂ ಬಿಳೀದನ್ನ ಬಿಳಿ ಮಾಡತ್ತೆ."

"ಅಲ್ಲೇ ಇರೋದು ನೋಡು. ಫಿಲ್ಮಿಗೆ ಅಷ್ಟು ಬುದ್ಧಿ ಎಲ್ಲಿತ್ತು? ಅದಕ್ಕೆ ಗೊತ್ತಿದ್ದದ್ದು ಬಿಸಿಲೊಂದೇ. ಹಳದಿ ದೀಪ ಹಳದೀನೇ ಬೀಳ್ತಿತ್ತು, ಟ್ಯೂಬ್‌ಲೈಟ್ ಹಸಿರಾಗಿ ಬೀಳ್ತಿತ್ತು."

ಸೊಸೆ ನಕ್ಕಳು. ಇನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾಮೆರಾದ ಬೆಳಕಿನ ಆಯ್ಕೆಯನ್ನು ಬಿಸಿಲಿಗೆ ಕಟ್ಟಿಹಾಕಿ, ಬಣ್ಣ ಇಳಿಸಿ, ಚಿತ್ರದ ಚೂಪನ್ನೂ ತಗ್ಗಿಸಿದಳು. "ಕತ್ತಲು ಅಂದ್ರೆ ಕಾಡಿಗೆ ಅಲ್ಲ ಕಣೆ, ಒಳಗೇನೋ ಕಾಣ್ಬೇಕು" ಎಂದು ಅತ್ತೆ ಬಾಯಿ ತೆರೆಯುವಷ್ಟರಲ್ಲಿ ನೆರಳನ್ನೂ ಎರಡು ಗೆರೆ ತಿಳಿಗೊಳಿಸಿದ್ದಳು. ಬೀದಿದೀಪ ಜೇನಿನ ಬಣ್ಣಕ್ಕೆ ತಿರುಗಿತು. ದರ್ಜಿಯ ಅಂಗಡಿ ಮಾತ್ರ ಪೇಲವವಾಗೇ ಉಳಿಯಿತು. ಅಲ್ಲಿ ಹೊಸ ಬಿಳಿ ಎಲ್‌ಇಡಿ ಬಲ್ಬು ಬಂದಿತ್ತು.

ಸೊಸೆ ಬೀದಿ ದಾಟಿದಳು. ದರ್ಜಿ ಆಗಲೇ ಅರ್ಧ ಬಾಗಿಲು ಎಳೆದಿದ್ದ.

"ಹಳೇ ಟ್ಯೂಬ್‌ಲೈಟಾ? ಮೇಲೇ ಇದೆಯಮ್ಮ. ಬಲ್ಬು ಬಂದ್ಮೇಲೆ ಅದನ್ನ ಕೇಳೋರಿಲ್ಲ, ಮನೇಲಿ ನನ್ನ ಹಾಗೆ."

"ಹೊರಟಿದ್ರೇನೋ ಅಂಕಲ್..."

"ಎಲ್ಲಿಗೆ? ರಾಶಿ ಹೊಲಿಗೆ ಬಿದ್ದಿದೆ." ಬಾಗಿಲು ಮತ್ತೆ ಮೇಲೇರಿತು. ಟ್ಯೂಬ್‌ಲೈಟ್ ಮೂರು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಿತು. ದರ್ಜಿ ಮಿಷನ್ ಮುಂದೆ ಕೂತು ತುಳಿಯತೊಡಗಿದ.

ಮೆಟ್ಟಿಲಿಗೆ ಮರಳಿ ಒಂದೇ ಒಂದು ಚಿತ್ರ ತೆಗೆದು ಸೊಸೆ ಸ್ಟ್ಯಾಂಡಿನಿಂದ ಕ್ಯಾಮೆರಾ ಕಳಚಿದಳು. ಸ್ಟುಡಿಯೋದೊಳಗೆ ಪ್ರಿಂಟ್ ಹೊರಬಂದಾಗ ಅತ್ತೆ ಅದನ್ನು ಹನ್ನೊಂದರ ಪಕ್ಕ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು. ಚಿತ್ರ ಮಗುಚಿ, ಪೆನ್ಸಿಲ್ಲಿನಲ್ಲಿ ನಡುಗುವ ಹನ್ನೆರಡು ಬರೆದು, ಕೆಳಗೆ ಸೊಸೆಯ ಹೆಸರು ಬರೆದರು. ಮತ್ತೆ ತಿರುಗಿಸಿ ಭೂತಗನ್ನಡಿ ಇಟ್ಟವರು ಅಲ್ಲೇ ನಿಂತರು.

"ಇಲ್ಲಿ ನೋಡೇ."

ತಿಳಿಹಸಿರು ಬೆಳಕಿನಲ್ಲಿ ದರ್ಜಿ ಬಟ್ಟೆಗೆ ಬಾಗಿದ್ದ. ಮಿಷನ್ನಿನ ಮೇಲಿನ ಕಡ್ಡಿಯಲ್ಲಿ ದಾರದ ಉಂಡೆಯೇ ಇರಲಿಲ್ಲ.

ಸೊಸೆ ಕಿಟಕಿಯತ್ತ ತಿರುಗಿದಳು. ಬೀದಿಯಾಚೆ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿತ್ತು; ಚಿತ್ರ ಮುಗಿಯಿತೆಂದು ಯಾರೂ ಹೇಳದೆ ದರ್ಜಿ ಇನ್ನೂ ತುಳಿಯುತ್ತಲೇ ಇದ್ದ.