ಬಲದ ಕಾಲು

ಕಾಲುಚೀಲ ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿದೆ, ಎಳೆದಷ್ಟೂ ಉದ್ದವಾಗುತ್ತದೆ, ಬರುವುದಿಲ್ಲ, ಏಪ್ರಿಲಿನ ಈ ಸೆಕೆಯಲ್ಲಿ ಯಾರಾದರೂ ಕಾಲುಚೀಲ ಹಾಕುತ್ತಾರಾ, ನಾನು ಹಾಕಿದ್ದೇನೆ, ಅನಂತಪುರದ ಫ್ಯಾಕ್ಟರಿಗೆ ಹಾಕಿ ಹೋಗುವ ಬೂಟನ್ನೂ ಹಾಕಿದ್ದೇನೆ, ಮನೆಯಿಂದ ಇಗರ್ಜಿಗೆ ಬರುವ ದಾರಿಯ ಕೆಂಪು ಧೂಳು ತೊಳೆದ ಕಾಲಿಗೆ ತಾಗಬಾರದೆಂದು, ತೊಳೆಸಿಕೊಳ್ಳುವ ಮೊದಲೇ ತೊಳೆದುಕೊಂಡ ಕಾಲು, ನಗು ಬರಬೇಕಿತ್ತು, ಬರುತ್ತಿಲ್ಲ — ಪೀಠದ ಎದುರು ಹನ್ನೆರಡು ಕುರ್ಚಿ, ಎಲ್ಲರೂ ಬಗ್ಗಿ ಬಲದ ಕಾಲಿನ ಚಪ್ಪಲಿ ಬಿಚ್ಚುತ್ತಿದ್ದಾರೆ, ಪವಿತ್ರ ಗುರುವಾರದ ಪೂಜೆ, ಪ್ರಭು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ದಿನ, ಗ್ಲೋರಿಯಾ ಹಾಡಿದ ಮೇಲೆ ಇವತ್ತು ಗಂಟೆ ಇಲ್ಲ, ಮರದ ಹಲಗೆಯ ಕಟಕಟ ಮಾತ್ರ, ಗೋಡೆಯ ಸಂತರಿಗೆಲ್ಲ ನೇರಳೆ ಬಟ್ಟೆ ಸುತ್ತಿದೆ, ಯಾರೂ ನನ್ನನ್ನು ನೋಡುತ್ತಿಲ್ಲ, ಅದೊಂದು ಸಮಾಧಾನ, ಆ ತುದಿಯಲ್ಲಿ ಫಾದರ್ ಸೊಂಟಕ್ಕೆ ಟವಲು ಕಟ್ಟಿ ಮೊದಲನೆಯವರ ಮುಂದೆ ಮಂಡಿಯೂರಿದರು, ಬೋಗುಣಿಗೆ ನೀರು ಬೀಳುವ ಸದ್ದು. ಕಾಲು ತೊಳೆಸಿಕೊಳ್ಳುವವರೆಲ್ಲ ಸರೀ ಕಾಲು ತೊಳೆದು ಬನ್ನಿ ಆಯ್ತಾ, ಫಾದರಿಗೆ ಹೇಸಿಗೆ ಆಗ್ಬಾರ್ದು, ಕೊನೆಗೆ ಮುತ್ತು ಕೊಡ್ಲಿಕ್ಕೆ ಉಂಟಲ್ಲ ಅವರಿಗೆ — ನಮ್ಮ ವಾರ್ಡಿನ ಗುರಿಕಾರ ಹಿಲರಿ ಅಂಕಲ್ ಭಾನುವಾರ ಮೆಟ್ಟಿಲಲ್ಲಿ ನಿಂತು ಹೇಳಿದ್ದು, ಸೆಂಟ್ ಹಾಕ್ಬೇಕಾ ಅಂಕಲ್ ಅಂತ ಯಾರೋ ಕೇಳಿದ್ದಕ್ಕೆ, ಸೆಂಟ್ ಎಂತಕ್ಕೆ ಮಾರಾಯ, ಪೌಡರ್ ಸಾಕು, ಎಲ್ಲರೂ ನಕ್ಕರು, ಅವರು ನಕ್ಕಿರಲಿಲ್ಲ, ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಅವರ ಬಲದ ಪಾದ ಬೆಳ್ಳಗೆ ಇದೆ, ಬೆರಳ ಸಂದಿಯಲ್ಲಿ ಪೌಡರ್ ಗಟ್ಟಿಯಾಗಿದೆ. ನನ್ನ ಕುರ್ಚಿಯಲ್ಲಿ ಒರಗುವಲ್ಲಿ ಅವರು ಬೆಳಿಗ್ಗೆಯೇ ಅಂಟಿಸಿದ ಚೀಟಿ ಇನ್ನೂ ಇದೆ, ಬದಲಿಸಲು ಪುರುಸೊತ್ತಾಗಲಿಲ್ಲವಂತೆ, ರೋಸ್ಮೇರಿ ಕ್ರಾಸ್ತಾ, ನನ್ನ ಬೆನ್ನು ಅದನ್ನು ಮುಚ್ಚಿದೆ, ಮುಚ್ಚಲೆಂದೇ ನೆಟ್ಟಗೆ ಕೂತಿದ್ದೇನೆ, ಮಮ್ಮಿಯ ಹೆಸರು, ಮಮ್ಮಿಯ ಕುರ್ಚಿ, ಮಮ್ಮಿ ಹಿಂದೆ ಕಂಬದ ಪಕ್ಕದ ಬೆಂಚಿನಲ್ಲಿ. ಜ್ವರ ಬಿಟ್ಟಿತಾ ರೋಸ್ಮೇರಿಬಾಯ್, ಬಾಗಿಲಲ್ಲಿ ಹಿಲರಿ ಅಂಕಲ್ ಕೇಳಿದರು, ಮಮ್ಮಿ ನನ್ನ ಮುಖ ನೋಡದೆ, ಈಗ ಸ್ವಲ್ಪ ಕಮ್ಮಿ ಉಂಟು ಅಂದಳು, ಇಂಥ ದಿನ, ಇಗರ್ಜಿಯ ಬಾಗಿಲಲ್ಲಿ, ನನಗೋಸ್ಕರ ಸುಳ್ಳು.

ಜ್ವರ ಎಂದವನು ನಾನು. ಇವತ್ತು ಮಧ್ಯಾಹ್ನ, ಊಟವಾದ ಮೇಲೆ, ಹಿಂದಿನ ಜಗಲಿಯಲ್ಲಿ ನಗು ಕೇಳಿ ಹೋದೆ, ಮಮ್ಮಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾಳೆ, ಮೆಟ್ಟಿಲಲ್ಲಿ ಪಕ್ಕದ ಮನೆಯ ನಾಝಿಯಾ, ಆಯಿಶುಮ್ಮನ ಮಗಳು, ಮೊಗ್ರಾಲಿನ ಮದುವೆಗೆಂದು ತಂದ ಉಗುರುಬಣ್ಣದ ಬಾಟಲಿ ಹಿಡಿದು, ಮಮ್ಮಿಯ ಬಲದ ಕಾಲನ್ನು ಮಡಿಲಲ್ಲಿಟ್ಟುಕೊಂಡು — ಬಲದ ಕಾಲು, ಆನೆಕಾಲು, ಮೊಣಕಾಲಿನಿಂದ ಕೆಳಗೆ ಒಂದೇ ದಪ್ಪ, ಪಾದ ಉಬ್ಬಿ ಬೆರಳುಗಳು ಒಳಗೆ ಹೂತುಹೋಗಿವೆ, ಉಗುರು ಹುಡುಕಬೇಕು, ನಾಝಿಯಾ ಹುಡುಕಿ ಹುಡುಕಿ ಹಚ್ಚುತ್ತಿದ್ದಾಳೆ, ಐದು ಕೆಂಪು ಚುಕ್ಕೆ, ಅಲ್ಲಾಡ್ಬೇಡಿ ಆಂಟೀ, ನಿಮ್ಮ ಫಾದರ್ ನೋಡಿ ಹೆದರ್ಬೇಕು, ಹೆದರ್ಲಿ ಬಿಡು, ಮಮ್ಮಿ ನಕ್ಕಳು, ಇಷ್ಟು ವರ್ಷ ಗಂಡಸರ ಕಾಲೇ ನೋಡಿ ನೋಡಿ ಅವರಿಗೂ ಸಾಕಾಗಿರ್ತದೆ. ಹೆಂಗಸರ ಕಾಲೂ ತೊಳೆಯಬಹುದೆಂದು ರೋಮಿನಿಂದ ಅಪ್ಪಣೆ ಬಂದು ಹೆಚ್ಚು ಸಮಯವಾಗಿಲ್ಲ, ನಮ್ಮಲ್ಲಿ ಈ ವರ್ಷವೇ ಮೊದಲು, ಮಮ್ಮಿಯ ಹೆಸರನ್ನು ಹೇಳಿದ್ದು ಫಾದರೇ ಅಂತೆ, ವಾರವಿಡೀ ಅದೇ ಮಾತು ಅವಳಿಗೆ, ಕಪಾಟಿನಿಂದ ಪಪ್ಪ ಕೊಟ್ಟ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಎಡದ ಕಾಲಿಗೆ ಹಚ್ಚುವುದಿಲ್ಲವಾ ಎಂದು ಕೇಳಿದೆ, ಬೇರೇನು ಕೇಳಬೇಕೆಂದು ತೋಚದೆ. ಫಾದರ್ ಕೇಳುದು ಬಲದ್ದು ಅಲ್ವಾ ಪುತಾ, ಬಲದ್ದೇ ಕೊಡ್ತೇನೆ. ಎಡದ್ದು ಕೊಡಬಹುದಿತ್ತು, ಅದು ಎಲ್ಲರ ಕಾಲಿನ ಹಾಗೆಯೇ ಇದೆ, ಕಾರಣ ಕೇಳುವವರು ಯಾರೂ ಇರಲಿಲ್ಲ, ಆದರೆ ಅವಳು ಬಲದ್ದನ್ನೇ, ಎಲ್ಲರ ಎದುರು, ಬಣ್ಣ ಹಾಕಿ — ಮುಂದಿನ ಬೆಂಚಿನಲ್ಲಿ ಸ್ಯಾಂಡ್ರಾ ಕೂತಿರುತ್ತಾಳೆ, ಕೂತಿದ್ದಾಳೆ, ಅಪ್ಪ ಅಮ್ಮನ ನಡುವೆ, ಈಸ್ಟರ್ ಕಳೆದ ಮೇಲೆ ನಮ್ಮ ನಿಶ್ಚಯ, ಅವರು ಮನೆ ನೋಡಲು ಬಂದ ದಿನ ಮಮ್ಮಿ ಕೂತಲ್ಲಿಂದ ಏಳಲಿಲ್ಲ, ಸೀರೆಯ ಅಂಚನ್ನು ನೆಲಕ್ಕೆ ಎಳೆದುಕೊಂಡಿದ್ದಳು, ಮಮ್ಮಿಗೆ ಮೊಣಕಾಲು ನೋವು ಎಂದೆ, ಅದೂ ನಾನೇ, ಅದು ಮಕ್ಕಳಿಗೆ ಬರುವ ಕಾಯಿಲೆಯಲ್ಲ, ಸೊಳ್ಳೆಯಿಂದ ಬರುವುದು, ಹೇಳಿದ್ದರೆ ಮುಗಿಯುತ್ತಿತ್ತು. ಅಂಗಳಕ್ಕಿಳಿದು ಫೋನ್ ತೆಗೆದೆ. ಹಲೋ ಹಿಲರಿ ಅಂಕಲ್, ಮಮ್ಮಿಗೆ ಜ್ವರ, ಅವಳ ಬದಲು ನಾನು ಕೂತ್ಕೊಳ್ಳಲಾ — ಅಯ್ಯೋ ಪಾಪ, ನೀನೇ ಬಾ ಮಾರಾಯ, ಕುರ್ಚಿ ಖಾಲಿ ಇದ್ರೆ ಚಂದ ಕಾಣುದಿಲ್ಲ. ತಿರುಗಿದರೆ ಜಗಲಿಯಲ್ಲಿ ನಗು ನಿಂತಿತ್ತು, ನಾಝಿಯಾ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು, ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು, ಮಮ್ಮಿ ಬೈಯಬಹುದಿತ್ತು, ಚಪ್ಪಲಿ ಎಸೆಯಬಹುದಿತ್ತು, ಕಾಲನ್ನು ಮೆಲ್ಲ ಹಿಂದಕ್ಕೆಳೆದುಕೊಂಡಳು, ಸೀರೆಯ ಅಂಚು ಬಂದು ಐದು ಕೆಂಪು ಚುಕ್ಕೆಗಳನ್ನು ನುಂಗಿತು. ಪುತಾ, ನಿನ್ನ ಹತ್ರ ಬ್ಲೇಡ್ ಉಂಟಾ. ತಂದುಕೊಟ್ಟೆ. ಗಡ್ಡದ ಬ್ಲೇಡು, ಕಾಗದ ಬಿಚ್ಚಿ ಕೈಗೆ ಕೊಟ್ಟೆ, ಕೊಟ್ಟೆನಲ್ಲ —

ಮತ್ತೆ ನೀರಿನ ಸದ್ದು, ಇನ್ನೊಬ್ಬರದ್ದಾಯಿತು, ಫಾದರ್ ಮಂಡಿ ಎಳೆಯುತ್ತಾ ಹತ್ತಿರ ಬರುತ್ತಿದ್ದಾರೆ. ಮಮ್ಮಿ ಜಗಲಿಯಲ್ಲಿ ಉಗುರಿನ ಬಣ್ಣ ಹೆರೆಯುತ್ತಿದ್ದಾಗ ನಾನು ಬಾವಿಕಟ್ಟೆಯಲ್ಲಿ ಕಾಲು ಉಜ್ಜುತ್ತಿದ್ದೆ, ಕಲ್ಲಿನಿಂದ, ತೆಂಗಿನ ನಾರಿನಿಂದ, ಬಟ್ಟೆ ಸೋಪಿನಿಂದ, ಚರ್ಮ ಉರಿಯುವವರೆಗೆ, ಇನ್ನು ಈ ಕಾಲಿನಲ್ಲಿ ತೊಳೆಯಲು ಏನೂ ಉಳಿದಿಲ್ಲ, ಹಾಗಾದರೆ ಫಾದರ್ ಏನನ್ನು ತೊಳೆಯುತ್ತಾರೆ. ತಪಸ್ಸುಕಾಲದ ಧ್ಯಾನಕೂಟಕ್ಕೆ ಬಂದಿದ್ದ ಪ್ರವಚನಕಾರರು ಹೇಳಿದರು, ದೇವರ ನೀತಿ ತಕ್ಕಡಿ ಹಿಡಿದು ಕೂತ ನೀತಿಯಲ್ಲ, ನೀನು ಬಿದ್ದಲ್ಲಿಗೆ ಬಂದು ನಿನ್ನನ್ನು ನೀತಿವಂತ ಎಂದು ಕರೆಯುವ ನೀತಿ, ನೀನು ಶುದ್ಧನಾದೆಯೆಂದು ಅವನು ಬರುವುದಲ್ಲ, ಅವನು ಬಂದದ್ದರಿಂದ ನೀನು ಶುದ್ಧನಾಗುವುದು, ಕೃಪೆ ಕೂಲಿಯಲ್ಲ, ನಂಬಿ ಕೈ ಒಡ್ಡಬೇಕು, ಅಷ್ಟೇ — ತಲೆಯಾಡಿಸಿದ್ದೆ, ಮುಂದಿನ ಭಾನುವಾರ ನಾನು ಮಕ್ಕಳಿಗೆ ಧರ್ಮಪಾಠ ಕಲಿಸುವ ಕೆಟೆಕಿಸಂ ಕ್ಲಾಸಿನ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೆ, ಕೃಪೆ ಕೂಲಿಯಲ್ಲ, ಬರೆದ ಕೈಯೇ ಇವತ್ತು ಕಲ್ಲು ಹಿಡಿದು ಹಿಮ್ಮಡಿ ಉಜ್ಜಿತು. ಮಮ್ಮಿಯೂ ಕೇಳಿದ್ದಳು ಆ ಪ್ರವಚನ, ಹಿಂದಿನ ಬೆಂಚಿನಲ್ಲಿ ಕೂತು, ನಿದ್ದೆ ಮಾಡಿದಳೆಂದುಕೊಂಡಿದ್ದೆ, ಅವಳಿಗೆ ತಿಳಿದದ್ದು ಇಷ್ಟೇ ಇರಬೇಕು, ಬಲದ್ದು ಕೇಳಿದ್ದಾರೆ, ಬಲದ್ದನ್ನೇ ಕೊಡುವುದು, ಇದ್ದ ಹಾಗೆ, ಸಂತೋಷಕ್ಕೆ ಮೇಲಿಂದ ಸ್ವಲ್ಪ ಬಣ್ಣ. ದಿನಾ ಸೋಪು ಹಾಕಿ ತೊಳೆಯಬೇಕು, ಮಡಿಕೆ ಮಡಿಕೆ ಒರೆಸಬೇಕು, ಬೆರಳ ಸಂದಿಯಲ್ಲಿ ನೀರು ನಿಲ್ಲಬಾರದು, ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದು, ಪಪ್ಪ ತೀರಿಹೋದ ಮೇಲೆ ಮಮ್ಮಿಗೆ ಬಗ್ಗಲಾಗದ ದಿನಗಳಲ್ಲಿ ನಾನೇ ತೊಳೆಯುತ್ತಿದ್ದೆ, ಶಾಲೆಯಿಂದ ಬಂದು ಯೂನಿಫಾರ್ಮಿನಲ್ಲೇ, ಹಳೆ ಬನಿಯನಿನ ತುಂಡಿನಿಂದ ಒಂದೊಂದು ಬೆರಳನ್ನು ಬಿಡಿಸಿ ಒರೆಸಿ, ಕಚಗುಳಿಯಾಗ್ತದೆ ಮಾರಾಯ ಎಂದು ಮಮ್ಮಿ ನಗುತ್ತಾಳೆ, ನಾನೂ ನಗುತ್ತೇನೆ, ಆಗ ನಾಚಿಕೆಯೆಂಬುದಿಲ್ಲ, ಅದು ಮಮ್ಮಿಯ ಕಾಲು, ಇನ್ನೇನಲ್ಲ, ಯಾವಾಗ ಬಿಟ್ಟೆ, ಮೀಸೆ ಬಂದಾಗ, ಗೆಳೆಯರು ಮನೆಗೆ ಬರತೊಡಗಿದಾಗ, ಬಿಟ್ಟೆನೆಂದು ಹೇಳಲೂ ಇಲ್ಲ, ಅವಳು ಕೇಳಲೂ ಇಲ್ಲ, ಸ್ಟೂಲಿನ ಮೇಲೆ ಕಾಲಿಟ್ಟು ತಾನೇ ತೊಳೆದುಕೊಳ್ಳುತ್ತಾಳೆ, ದಿನಾ — ಈ ಇಗರ್ಜಿಯಲ್ಲಿ ಇಷ್ಟು ಕಾಲುಗಳಿವೆ, ಅದರಷ್ಟು ನೀರು ಕಂಡ ಕಾಲು ಇನ್ನೊಂದಿಲ್ಲ, ಅದನ್ನೇ ನಾನು ಅಡಗಿಸಿದ್ದು.

ಹಿಲರಿ ಅಂಕಲಿನ ಪಾದಕ್ಕೆ ನೀರು ಬಿತ್ತು, ಪೌಡರ್ ಕರಗಿ ಬೋಗುಣಿಯಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಬಿಳಿ, ಮುತ್ತು ಕೊಟ್ಟ ಫಾದರ್ ತುಟಿ ಒರೆಸಿಕೊಂಡರು, ಈಗ ನನ್ನ ಮುಂದೆ, ಬೋಳು ನೆತ್ತಿ, ಬೆವರು, ಚಾಚಿದ ಕೈ, ಕಾಲು ಕೊಡು ರೊಯ್ಸ್ಟನ್. ಕಾಲುಚೀಲ ಕೊನೆಗೂ ಬಂದಿದೆ, ನನ್ನ ಮುಷ್ಟಿಯಲ್ಲಿದೆ, ಕಾಲು ಕುರ್ಚಿಯ ಕೆಳಗೆ ಸೇರಿದೆ, ಈಗಷ್ಟೇ ಓದಿದ ಪಾಠದಲ್ಲೂ ಶಿಷ್ಯನೊಬ್ಬ ಕಾಲು ಹಿಂದೆಳೆದುಕೊಂಡ, ಆದರೆ ಅದು ವಿನಯ, ಇದು — ಮಮ್ಮಿಗೆ ಜ್ವರ ಇಲ್ಲ ಫಾದರ್, ಪಿಸುಮಾತು, ನನ್ನದೇ ಸ್ವರ. ಗೊತ್ತುಂಟು, ಬಾಗಿಲಲ್ಲಿ ಅವರ ಕೈ ಹಿಡಿದು ಮಾತಾಡಿಸಿದೆ, ತಣ್ಣಗಿತ್ತು, ಕಾಲು ಕೊಡು. ನಾನು ಸುಳ್ಳು ಹೇಳಿ ಕೂತದ್ದು ಫಾದರ್. ಅದೂ ಗೊತ್ತಾಯ್ತು, ಕೊಡು ಮಾರಾಯ, ನನ್ನ ಮೊಣಗಂಟು ಹೋಯ್ತು. ಗೊತ್ತಿದ್ದೂ ಕೈ ಹಾಗೆಯೇ ಇದೆ, ಬೈದಿದ್ದರೆ ಕೊಡಬಹುದಿತ್ತು, ಪ್ರಾಯಶ್ಚಿತ್ತ ವಿಧಿಸಿದ್ದರೆ ಕೊಡಬಹುದಿತ್ತು, ಸುಮ್ಮನೆ ಚಾಚಿದ ಕೈಗೆ ಹೇಗೆ ಕೊಡುವುದು, ನಾನು ಏನಾದರೂ ಮಾಡಬೇಕು, ಮೊದಲು ಏನಾದರೂ — ಎದ್ದೆ. ಎದ್ದ ಕೂಡಲೇ ಬೆನ್ನ ಹಿಂದಿನ ಚೀಟಿ ಬಯಲಾಯಿತು, ರೋಸ್ಮೇರಿ ಕ್ರಾಸ್ತಾ, ಮುಂದಿನ ಬೆಂಚಿನವರು ಓದಿರಬೇಕು, ನಡುವಿನ ದಾರಿಯಲ್ಲಿ ನಡೆಯುತ್ತಿದ್ದೇನೆ, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಒಂದು ಹೆಜ್ಜೆಗೆ ಸದ್ದು, ಒಂದಕ್ಕಿಲ್ಲ, ಹಾಡಿನವರು ಮುಗಿದ ಕೀರ್ತನೆಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು, ಸ್ಯಾಂಡ್ರಾಳ ಬೆಂಚು ದಾಟಿತು, ಅವಳು ತಿರುಗಿದ್ದು ಗೊತ್ತಾಯಿತು, ಮುಖ ನೋಡಲಿಲ್ಲ. ಕಂಬದ ಪಕ್ಕ ಮಮ್ಮಿ. ಕೈ ಚಾಚಿದೆ, ಫಾದರ್ ಚಾಚಿದ ಹಾಗೆಯೇ, ಬಾ ಮಮ್ಮಿ, ಅದು ನಿನ್ನ ಕುರ್ಚಿ, ನಾನು ಹಿಡ್ಕೊಳ್ತೇನೆ ಬಾ — ಜೋರಾಗಿಯೇ ಹೇಳಿದೆ, ಯಾಕೆ ಜೋರಾಗಿ, ಸ್ಯಾಂಡ್ರಾ ಕೇಳಲೆಂದಾ, ದೇವರು ಕೇಳಲೆಂದಾ, ನೋಡಿ ನಾನು ಸರಿಮಾಡುತ್ತಿದ್ದೇನೆ ಎಂದಾ, ಇದೂ ಕಲ್ಲಿನಿಂದ ಉಜ್ಜುವುದೇ ಅಲ್ಲವಾ, ಆದರೆ ಚಾಚಿದ ಕೈ ಹಿಂದೆ ತೆಗೆಯಲಾಗುವುದಿಲ್ಲ. ಮಮ್ಮಿ ಕೈಯನ್ನು ನೋಡಿದಳು, ಕೋಪವಿಲ್ಲ, ಕೋಪವಿದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು, ಬೆಂಚಿನ ಕೆಳಗೆ ಪಾದ, ಹೆರೆದ ಉಗುರುಗಳು, ಬ್ಲೇಡು ಹೋಗದ ಮೂಲೆಗಳಲ್ಲಿ ಕೆಂಪು ಹಾಗೇ ಉಳಿದಿದೆ, ಐದೂ ಕಡೆ. ಬೇಡ ಪುತಾ, ನನ್ನದು ದಿನಾ ತೊಳೆದೇ ಉಂಟು, ನಿನ್ನದು ಕೊಡು ಹೋಗು, ಫಾದರ್ ಕಾಯ್ತಾ ಇದ್ದಾರೆ. ತಿರುಗಿ ನೋಡಿದರೆ ಹೌದು, ಖಾಲಿ ಕುರ್ಚಿಯ ಮುಂದೆ ಇನ್ನೂ ಮಂಡಿಯೂರಿಯೇ ಇದ್ದಾರೆ, ಕೈಯಲ್ಲಿ ಟವಲು. ಬಾ ಮಮ್ಮಿ, ಮತ್ತೆ ಅಂದೆ, ಸೀರೆಯ ಅಂಚು ಅಲುಗಿತು, ಕೆಂಪು, ಅಂಚು, ಮತ್ತೆ ಸ್ವಲ್ಪ ಕೆಂಪು, ಪಾದ ಹಿಂದೆ ಸರಿಯುತ್ತಿದೆ, ಅಂಚು ನೆಲದವರೆಗೆ ಬಂತು, ಕೆಂಪು ಇಲ್ಲ, ಅಂಚು ಮಾತ್ರ, ನೆಲಕ್ಕೆ ತಾಗಿದ ಅಂಚು, ಅದರ ಹಿಂದೆ ಐದು —

ನಾನು ಬರುದಿಲ್ಲ ಪುತಾ.