ಹುತ್ತರಿ ಗಡಿಯಾರ

ಸುಂಟಿಕೊಪ್ಪದ ಬಸ್ ನಿಲ್ಲುವ ಜಾಗದ ಎದುರು, ಶಶಿಕುಮಾರನ ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ ಕೂತು ರಂಜಿತಾ ಏನು ಮಾಡುತ್ತಾಳೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆ ಅವಳು, "ಬ್ಲಾಗಿಗೆ ಥೀಮು, ಪ್ಲಗಿನ್ನು ಮಾಡ್ತೀನಿ" ಎನ್ನುತ್ತಿದ್ದಳು. ಅವರು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಆಧಾರ್ ಕಾರ್ಡಿನ ವಿಳಾಸ ತಿದ್ದಿಕೊಡಬಹುದಾ ಎಂದು ಕೇಳುತ್ತಿದ್ದರು.

ಬರೆಯುವವರು ಬ್ಲಾಗು ಬರೆದುಕೊಳ್ಳುತ್ತಾರೆ. ಆ ಬರಹಕ್ಕೊಂದು ಮನೆ ಕಟ್ಟಿಕೊಟ್ಟರೆ ಅದು ಥೀಮು, ಆ ಮನೆಗೆ ನಲ್ಲಿ, ಸ್ವಿಚ್ಚು ಕೂರಿಸಿಕೊಟ್ಟರೆ ಅದು ಪ್ಲಗಿನ್ನು. ಕಟ್ಟುವುದು ದೊಡ್ಡ ವಿಷಯವೇನಲ್ಲ, ಆಮೇಲೆ ಸೋರದಂತೆ ನೋಡಿಕೊಳ್ಳುವುದೇ ತಲೆನೋವು. ಎಲ್ಲೋ ದೂರದಲ್ಲಿ ಬ್ಲಾಗಿನ ಮೂಲ ಸಾಫ್ಟ್‌ವೇರನ್ನು ಯಾರೋ ಹೊಸದು ಮಾಡಿದರೆ ಇಲ್ಲಿ ರಂಜಿತಾಳ ಭಾನುವಾರ ಹಾಳಾಗುತ್ತಿತ್ತು. ಹೊರದೇಶದ ಥೀಮುಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ಕನ್ನಡದ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತಿತ್ತು. ಅದನ್ನು ಸಹಿಸಲಾರದೆ ಅವಳು ಮೊದಲ ಥೀಮು ಮಾಡಿದ್ದಳು. 'ಕದಿರು' ಎಂದು ಹೆಸರಿಟ್ಟಳು. ಕೊಡಗಿನ ಎಷ್ಟೋ ಬ್ಲಾಗುಗಳು ಈಗ ಅದರಲ್ಲೇ ನಿಂತಿದ್ದವು.

ಅವುಗಳಲ್ಲೊಂದು ಮೂರ್ನಾಡಿನ ಕಡೆಯ ಉದಯನದು. ಕಾಫಿ ಬೆಳೆಗಾರ, ಅರೆಭಾಷೆ ಮನೆಮಾತಿನವನು, ಮಾತಿಗೆ ಕೂತರೆ ಏಳದ ಮನುಷ್ಯ. ಅವನ ಕುಟುಂಬದವರು ಹಾಸನ, ಮೈಸೂರು, ಪುತ್ತೂರು ಎಂದು ಚದುರಿದ್ದರಿಂದ ಮನೆತನಕ್ಕೇ ಒಂದು ಬ್ಲಾಗು ನಡೆಸುತ್ತಿದ್ದ. ಅವನ ಒತ್ತಾಯಕ್ಕೆ ರಂಜಿತಾ ಒಂದು ಪುಟ್ಟ ಪ್ಲಗಿನ್ನು ಮಾಡಿಕೊಟ್ಟಳು. ಹುತ್ತರಿಗೆ ಎಷ್ಟು ದಿನ, ಎಷ್ಟು ಗಂಟೆ ಉಳಿಯಿತೆಂದು ಬ್ಲಾಗಿನ ಮೂಲೆಯಲ್ಲಿ ತೋರಿಸುವ ಗಡಿಯಾರ. ಒಬ್ಬರು ನೋಡಿ ಇನ್ನೊಬ್ಬರು ಕೇಳಿ, ಅದೂ ಹತ್ತಾರು ಬ್ಲಾಗುಗಳಿಗೆ ಹಬ್ಬಿತು.

ಹೊಸ ಭತ್ತದ ಈ ಹಬ್ಬದ ದಿನವನ್ನೂ ಕದಿರು ತೆಗೆಯುವ ಮುಹೂರ್ತವನ್ನೂ ಪ್ರತಿವರ್ಷ ದೇವಸ್ಥಾನದಲ್ಲಿ ಹಿರಿಯರು, ಜೋಯಿಸರು ಕೂತು ನಿಶ್ಚಯಿಸುತ್ತಾರೆ. ನಿಶ್ಚಯವಾದದ್ದು ಕಿವಿಗೆ ಬಿದ್ದ ಕೂಡಲೇ ಉದಯ ಫೋನು ಮಾಡುತ್ತಿದ್ದ. ದಿನ ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಅವನು ಆ ವರ್ಷದ ಕಾಫಿ, ಕರಿಮೆಣಸು, ಆನೆ, ದೊಡ್ಡಪ್ಪನ ಮಂಡಿನೋವು ಎಲ್ಲವನ್ನೂ ಹೇಳಿಯೇ ಇಡುತ್ತಿದ್ದ. ರಂಜಿತಾ ದಿನವನ್ನು ಕೈಯಾರೆ ತುಂಬಿಸುತ್ತಿದ್ದಳು. ಗಡಿಯಾರ ಓಡುತ್ತಿತ್ತು.

ರಂಜಿತಾಳ ಮನೆಯವರು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಸಿದವರು. ಅವರ ಮನೆಯಲ್ಲಿ ಹುತ್ತರಿಯಿಲ್ಲ. ಅವಳಿಗೆ ಅದು ವರ್ಷಕ್ಕೊಮ್ಮೆ ತುಂಬಿಸಬೇಕಾದ ಒಂದು ಖಾಲಿ ಜಾಗ, ಅಷ್ಟೆ. ಕೈಯಾರೆ ತುಂಬಿಸುವ ಜಾಗ ಕಂಡರೆ ಈ ಕಸುಬಿನವರ ಕೈ ಸುಮ್ಮನಿರುವುದಿಲ್ಲ. ಹಬ್ಬ ಬರುವ ಹುಣ್ಣಿಮೆ, ರೋಹಿಣಿ ನಕ್ಷತ್ರ ಎರಡನ್ನೂ ಹಿಡಿದು ದಿನವನ್ನು ತಾನೇ ಲೆಕ್ಕ ಹಾಕುವಂತೆ ಪ್ಲಗಿನ್ನನ್ನು ತಿದ್ದಿದಳು. ಹಿಂದಿನ ವರ್ಷಗಳ ದಿನಗಳನ್ನು ಕೊಟ್ಟು ನೋಡಿದಳು. ಒಂದೂ ತಪ್ಪಲಿಲ್ಲ. ಅಂದು ಅವಳು ಬೀಗಿದ್ದು ನಿಜ.

"ಉದಯಣ್ಣ, ಇನ್ಮೇಲೆ ನೀವು ಫೋನ್ ಮಾಡೋದೇ ಬೇಡ. ಅದೇ ಲೆಕ್ಕ ಹಾಕ್ಕೊಳ್ಳುತ್ತೆ."

"ಓ, ಹಾಗಾ? ಒಳ್ಳೇದಾಯ್ತಲ್ಲ ಮಾರಾಯ್ತಿ" ಎಂದು ಅವನು ಮೊದಲ ಸಲ ಅರ್ಧ ನಿಮಿಷದಲ್ಲೇ ಫೋನಿಟ್ಟ. ಅವನಿಗೆ ಬೇಸರವಾಗಿತ್ತು. ರಂಜಿತಾಳಿಗೆ ಅದು ಗೊತ್ತಾಗಲಿಲ್ಲ.

ಆ ವರ್ಷ ಉದಯನ ಮನೆಯಲ್ಲಿ ಒಂದು ವಿಶೇಷವಿತ್ತು. ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವ ಸರದಿ ಅವರ ಕುಟುಂಬದ ಕವಲುಗಳ ನಡುವೆ ಸುತ್ತುತ್ತಿತ್ತು. ಈ ಸಲ ಅವನ ಚಿಕ್ಕಪ್ಪನ ಕವಲಿನದು. ಚಿಕ್ಕಪ್ಪ ತೀರಿಕೊಂಡಿದ್ದರು, ಅವರಿಗೆ ಇದ್ದವಳು ಒಬ್ಬಳೇ ಮಗಳು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಚೈತನ್ಯ. ಕತ್ತಿ ಹೆಣ್ಣುಮಗಳ ಕೈಗೆ ಹೋಗಬಹುದೇ ಎಂದು ಕುಟುಂಬದಲ್ಲಿ ಸಾಕಷ್ಟು ಗುಸುಗುಸು ನಡೆಯಿತು. ಕೊನೆಗೆ ಹಿರಿಯ ದೊಡ್ಡಪ್ಪ ಅಪ್ಪಯ್ಯನವರು, "ಸರದಿ ಅವಳದ್ದು, ಅವಳೇ ಕೊಯ್ಯಲಿ" ಎಂದು ಬಾಯಿ ಮುಚ್ಚಿಸಿದರು. ಚೈತನ್ಯ ಅದನ್ನು ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಮನೆಯ ಬ್ಲಾಗು ತೆಗೆದು, ಗಡಿಯಾರ ನೋಡಿ, ರಜೆ ಬರೆದುಕೊಟ್ಟಳು. ಅವರ ಮನೆಯಲ್ಲಿ ಎಲ್ಲರೂ ರಜೆ ಬರೆಯುತ್ತಿದ್ದದ್ದು ಆ ಗಡಿಯಾರ ನೋಡಿಯೇ.

ಒಂದು ಮಧ್ಯಾಹ್ನ ರಂಜಿತಾ ಟೀ ಕುಡಿಯಲು ಕೆಳಗಿಳಿದಾಗ ಶಶಿಕುಮಾರ ಅಂಗಡಿಯ ಬಾಗಿಲು ಎಳೆಯುತ್ತಿದ್ದ. ರಸ್ತೆಯಲ್ಲಿ ಪಟಾಕಿ, ಗೆಣಸು, ಬಾಳೆಹಣ್ಣಿನ ವ್ಯಾಪಾರ ಜೋರಾಗಿತ್ತು.

"ಏನ್ ಶಶಿ, ಇಷ್ಟು ಬೇಗ?"

"ಹುತ್ತರಿ ಅಲ್ವಾ ಇವತ್ತು. ಸಂಜೆ ಯಾರು ಬರ್ತಾರೆ?"

"ನಾಳೆ ಕಣೋ."

"ನಿಮ್ ಕಂಪ್ಯೂಟರಲ್ಲಿ ನಾಳೆ ಇರ್ಬೋದು. ಊರಲ್ಲಿ ಇವತ್ತೇ."

ರಂಜಿತಾ ಟೀ ಕುಡಿಯದೆ ತಿರುಗಿದಳು. ಮೇಲೆ ಓಡಿ ಲೆಕ್ಕ ಬಿಚ್ಚಿ ನೋಡಿದಳು. ತಪ್ಪು ಹುಡುಕಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಅವಳ ಮನೆಯ ಪಂಚಾಂಗದಲ್ಲಿ ಸೂರ್ಯ ಹುಟ್ಟುವಾಗ ಯಾವ ನಕ್ಷತ್ರವಿದೆಯೋ ಅದೇ ಆ ದಿನದ ನಕ್ಷತ್ರ. ಅದನ್ನೇ ಅವಳು ಪ್ಲಗಿನ್ನಿಗೂ ಕಲಿಸಿದ್ದಳು. ಹುತ್ತರಿಯಾದರೋ ಬೆಳದಿಂಗಳಲ್ಲಿ ಗದ್ದೆಗಿಳಿಯುವ ಹಬ್ಬ, ಅದಕ್ಕೆ ಬೇಕಾದದ್ದು ಕತ್ತಲಾದ ಮೇಲಿನ ನಕ್ಷತ್ರ. ಈ ವರ್ಷ ರೋಹಿಣಿ ಸಂಜೆ ಬಂದು ಮರುದಿನ ಸಂಜೆಯೊಳಗೆ ಹೊರಟುಹೋಗುತ್ತಿತ್ತು. ಹಿಂದಿನ ವರ್ಷಗಳಲ್ಲಿ ಎರಡೂ ಲೆಕ್ಕ ಒಂದೇ ದಿನಕ್ಕೆ ಬಂದದ್ದು ಬರೀ ಅದೃಷ್ಟ.

ಉದಯನಿಗೆ ಫೋನು ಮಾಡಿದಳು. ಅವನು ಗದ್ದೆಯ ದಾರಿ ಸವರುತ್ತಿದ್ದ.

"ನೀವೇ ಬೇಡ ಅಂದ್ರಲ್ಲ, ಅದ್ಕೇ ಮಾಡ್ಲಿಲ್ಲ. ಆಮೇಲೆ ಆ ಗಡಿಯಾರ ನಾನು ನೋಡ್ಲೂ ಇಲ್ಲ" ಎಂದ. ಆಮೇಲೆ ಅವನ ದನಿ ಬದಲಾಯಿತು. "ಅಯ್ಯೋ, ಚೈತನ್ಯ! ಅವಳು ಬರೂದು ನಾಳೆ ಅಂತ ಕೂತಿರ್ತಾಳೆ. ಡ್ಯೂಟಿಂದ ನೇರ ಬರ್ತಾಳೆ ಅಂತ ನಾವು ಅಂದ್ಕೊಂಡಿದ್ದು."

ನಂಬರು ಪಡೆದು ರಂಜಿತಾ ತಾನೇ ಫೋನು ಮಾಡಿ ವಿಷಯ ಹೇಳಿದಾಗ ಚೈತನ್ಯ ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ. ಯಾರ ಕೈಕಾಲು ಹಿಡಿದಳೋ, ಸಂಜೆಯೊಳಗೆ ಬಸ್ಸು ಹತ್ತಿದಳು. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಮೂರ್ನಾಡು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆಂದು ರಂಜಿತಾ ಶಶಿಕುಮಾರನ ಓಮ್ನಿ ವ್ಯಾನು ಕೇಳಿ ತಂದು ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡಳು. ಬಸ್ಸು ಇಲ್ಲಿಗೆ ಬೇಗ ಬಂದಿದ್ದರೆ ಆಗಬಹುದಿತ್ತು. ಕುಶಾಲನಗರದಲ್ಲಿ ಹಬ್ಬದ ಜನ, ಹಬ್ಬದ ಟ್ರಾಫಿಕ್ಕು. ಬಸ್ಸು ಬರಲೇ ಇಲ್ಲ.

ಬಂತು. ಕತ್ತಲಾಗಿ, ಚಂದ್ರ ಮೇಲೇರಿದ ಮೇಲೆ ಬಂತು. ಚೈತನ್ಯ ಒಂದು ಕಾಲು ನೆಲಕ್ಕಿಟ್ಟಿದ್ದಳಷ್ಟೆ, ಗುಡ್ಡದ ಆಚೆ, ಮೊದಲ ಕದಿರು ಕೊಯ್ಯುವಾಗ ಹೊಡೆಯುವ ಗುಂಡೊಂದು ಹಾರಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು, ಎಲ್ಲ ದಿಕ್ಕಿನಿಂದಲೂ. ಮುಹೂರ್ತ ಎಲ್ಲರಿಗೂ ಒಂದೇ. ಇಲ್ಲಿ ಕದಿರು ಕೊಯ್ದರೆಂದರೆ ಮೂರ್ನಾಡಿನ ಗದ್ದೆಯಲ್ಲೂ ಕೊಯ್ದಾಯಿತು. ಎಲ್ಲಿಂದಲೋ "ಪೊಲಿ ಪೊಲಿ ದೇವಾ" ಎಂದು ಬೆಳೆ ಹೆಚ್ಚಲೆಂದು ಬೇಡುವ ಕೂಗು ತೇಲಿ ಬಂತು.

ಬಸ್ಸು ಹೊರಟುಹೋಯಿತು. ಚೈತನ್ಯ ಚೀಲ ಹಿಡಿದು ನಿಂತೇ ಇದ್ದಳು.

"ನಿಮ್ಮ ಗಡಿಯಾರ ಈಗ ಎಷ್ಟು ತೋರಿಸ್ತಾ ಉಂಟು?" ಎಂದು ಕೇಳಿದಳು.

ಓಡಾಟದಲ್ಲಿ ರಂಜಿತಾ ಅದನ್ನು ನಿಲ್ಲಿಸುವುದನ್ನೇ ಮರೆತಿದ್ದಳು. ಫೋನು ತೆಗೆದು ತೋರಿಸಿದಳು. ಇನ್ನೂ ಒಂದು ದಿನ ಇತ್ತು.

ರಂಜಿತಾ ಅವಳನ್ನು ಓಮ್ನಿಯಲ್ಲಿ ಮೂರ್ನಾಡಿಗೆ ಕರೆದೊಯ್ದಳು. ಮನೆಯಲ್ಲಿ ಕದಿರು ಕಂಬಕ್ಕೆ ಕಟ್ಟಿಯಾಗಿತ್ತು. ಗಡಿಯಾರ ನಂಬಿದ ಹಾಸನ, ಪುತ್ತೂರಿನವರೂ ಬಂದಿರಲಿಲ್ಲ. ಕೊಯ್ದವನು ಉದಯ. ಅವನಿಗೆ ತಂಗಿಯ ಮುಖ ನೋಡಲಾಗಲಿಲ್ಲ. ಮುಂದಿನ ಸಲ ಕೊಡೋಣವೆಂದು ಯಾರೂ ಹೇಳಲಿಲ್ಲ, ಮುಂದಿನ ಸಲದ ಸರದಿ ಹಾಸನದಲ್ಲಿರುವ ಕವಲಿನದು. ಉದಯನ ತಾಯಿ ಹೊನ್ನಮ್ಮ ರಂಜಿತಾಳಿಗೂ ತಂಬಿಟ್ಟು ಕೊಟ್ಟು, ತಿಂದೇ ಹೋಗಬೇಕೆಂದರು. ಅವಳು ತಿಂದಳು. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮರುದಿನ ಲೆಕ್ಕವನ್ನು ಸರಿಮಾಡಬಹುದಿತ್ತು, ಅದೇನು ಮಹಾ ಕೆಲಸವಲ್ಲ. ರಂಜಿತಾ ಸರಿಮಾಡದೆ ಪೂರ್ತಿ ಅಳಿಸಿದಳು. ಹಳೆಯ ಖಾಲಿ ಜಾಗವನ್ನೇ ತಂದಿಟ್ಟಳು. ಅದನ್ನು ಯಾರಾದರೂ ತುಂಬಿಸುವವರೆಗೆ ಗಡಿಯಾರದಲ್ಲಿ ಅಂಕಿಗಳ ಬದಲು 'ದಿನ ಇನ್ನೂ ನಿಶ್ಚಯವಾಗಿಲ್ಲ' ಎಂದಷ್ಟೇ ಕಾಣುತ್ತಿತ್ತು. ಪ್ಲಗಿನ್ನು ಕೆಟ್ಟಿದೆಯೆಂದು ವರ್ಷವಿಡೀ ದೂರುಗಳು ಬಂದವು. ಕೆಟ್ಟಿಲ್ಲ, ಕಾಯುತ್ತಿದೆ ಎಂದು ಎಲ್ಲರಿಗೂ ಉತ್ತರ ಬರೆದಳು.

ಮುಂದಿನ ಮಾಗಿಗೆ ಫೋನು ಬಂತು. ಉದಯನ ದನಿಯಲ್ಲ.

"ಬರ್ಕೊಳ್ಳಿ," ಎಂದಳು ಚೈತನ್ಯ. ದಿನ, ಮುಹೂರ್ತ ಹೇಳಿದಳು. ರಂಜಿತಾ ತುಂಬಿಸಿ ಮತ್ತೊಮ್ಮೆ ಓದಿ ಹೇಳಿದಳು.

"ಉದಯಣ್ಣ ಎಲ್ಲಿ?"

"ನಾನು ರಜೆ ಹಾಕಿ ಊರಿಗೆ ಬಂದಿದ್ದೇನೆ. ಅವನೂ ಇಲ್ಲೇ ಇದ್ದಾನೆ, ಮುಖ ಊದಿಸಿಕೊಂಡು. ಕದಿರು ತೆಗೆಯೂ ಸರದಿ ನಂಗೆ ಇನ್ನು ಯಾವಾಗ ಬರ್ತದೋ ಗೊತ್ತಿಲ್ಲ. ಅದ್ಕೆ ದೊಡ್ಡಪ್ಪನ ಹತ್ರ ಇದನ್ನ ಕೇಳಿ ತಗೊಂಡೆ. ಇನ್ಮೇಲೆ ನಿಮ್ಗೆ ದಿನ ಹೇಳೂದು ನಾನೇ, ಪ್ರತಿವರ್ಷ." ಅವಳು ಸ್ವಲ್ಪ ತಡೆದಳು. "ಬೇಡ ಅಂತ ಹೇಳ್ಬೇಡಿ, ಆಯ್ತಾ?"